ಕಿಟಕಿಗೆ ಹಿಡಿದ ಸ್ಕ್ರೀನು

ಚೌಕಟ್ಟಿಗೆ ಬಟ್ಟೆ ಬಿಗಿದ ಅಚ್ಚಿನ ಸ್ಕ್ರೀನುಗಳನ್ನು ತಾನಾಗಿ ತೊಳೆಯುವ ಯಂತ್ರದ ಕರಪತ್ರವನ್ನು ಗುರುಲಿಂಗಪ್ಪ ಬೆರಳ ತುದಿಯಲ್ಲಿ ಹಿಡಿದು ನೋಡಿ, ಅದನ್ನು ತಂದಿದ್ದ ಮಾರಾಟದ ಹುಡುಗನ ಕಡೆಗೇ ಸರಿಸಿದ. ಎದುರಿಗೆ ಅಕ್ಕಿ ಗಿರಣಿಯ ಒಡತಿ ಕುಳಿತಿದ್ದಳು. ಆಕೆಯ ಚೀಲಗಳಿಗೆ ಅಚ್ಚು ಹಾಕುವ ಕೆಲಸ ಮೊದಲ ಸಲ ಗುರುಲಿಂಗಪ್ಪನ ಅಂಗಡಿಗೆ ಸಿಗುವುದರಲ್ಲಿತ್ತು. ಹಾಗಾಗಿ ಅವನ ದನಿ ಇಂದು ತುಸು ಏರಿತ್ತು.

"ಮಷಿನ್ ಬೇಕಾಗೂದು ಕೆಲಸ ಬರದವರಿಗೆ, ತಮ್ಮಾ. ನಮ್ಮಲ್ಲಿ ಕೈಲೆ ತಿಕ್ಕಿ ತೊಳಿತಾರ."

"ಕೈಲೆ ತೊಳದ್ರ ಬಣ್ಣ ಹೋಗತೈತ್ರಿ. ಆದ್ರ ಹಳೇ ಚಿತ್ರದ ನೆರಳು ಸ್ಕ್ರೀನಿನ ಬಟ್ಟಿಯಾಗ ಉಳೀತೈತಿ. ಈ ಮಷಿನ್ ಅದನ್ನೂ ತಗೀತೈತ್ರಿ."

"ನೆರಳಂತ, ನೆರಳು. ನಿನ್ನೆ ಮೊನ್ನೆ ಕಣ್ಣು ಬಿಟ್ಟಾಂವ ನನಗ ಸ್ಕ್ರೀನ್ ಕಲಸಾಕ ಬಂದಾನ. ಕೊರಳಿಗೆ ಟೈ ಬಿಗದ್ರ ಬುದ್ಧಿ ಬರತೈತೇನ್ರಿ, ಅಕ್ಕಾರ?"

ಒಡತಿ ನಗಲಿಲ್ಲ. "ನಮ್ಮ ಚೀಲದ ಮ್ಯಾಲ ಇನ್ನೊಬ್ಬರ ಚಿತ್ರ ಮೂಡಬಾರದು ನೋಡ್ರಿ," ಎಂದಳು.

ಇಂಥವನೊಂದಿಗೆ ವಾದ ಮಾಡುವುದೇ ತನ್ನ ಘನತೆಗೆ ಕಡಿಮೆ ಎನಿಸಿ, ಗುರುಲಿಂಗಪ್ಪ ಗೋಡೆಗೆ ಒರಗಿಸಿದ್ದ ತೊಳೆದ ಸ್ಕ್ರೀನುಗಳಲ್ಲಿ ಕೈಗೆ ಸಿಕ್ಕಿದ್ದೊಂದನ್ನು ಎಳೆದು ಆಕೆಗೆ ಕೊಟ್ಟ.

"ಕಿಟಕಿಗೆ ಹಿಡದು ನೀವ ನೋಡ್ರಿ. ಏನರ ಕಂಡ್ರ ಇವನ ಮಷಿನ್ ಈಗಿಂದೀಗ ತಗೋತೀನಿ."

ಆಕೆ ಚೌಕಟ್ಟನ್ನು ಬೆಳಕಿಗೆ ಎತ್ತಿ ಹಿಡಿದು ಬಹಳ ಹೊತ್ತು ನೋಡಿದಳು.

"ಜೋಡಿ ಗಿಳಿ ಕಾಣಸ್ತಾವ. ನಮ್ಮ ಗಿರಣಿ ಗುರುತು," ಎಂದಳು. "ನಾವಿನ್ನೂ ನಿಮಗ ಕೆಲಸಾನ ಕೊಟ್ಟಿಲ್ಲ. ಇದನ್ನ ಯಾರ ಅಕ್ಕಿ ಚೀಲಕ್ಕ ಹಾಕಿ ಕೊಟ್ರಿ?"