ಕರೆಸಿದವರ ಸೊತ್ತು

ಮೇಷ್ಟ್ರು ಹೋದ ಸುದ್ದಿ ಬಂದಾಗ ಅವನು ಯಾರದೋ ಅಡುಗೆಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿ, ಟಾರ್ಚ್ ಹಿಡಿದು, ನೀರು ಒಸರುವ ಜಾಗ ಹುಡುಕುತ್ತಿದ್ದ. ಫೋನಿನಲ್ಲಿ ಮೇಷ್ಟ್ರ ಮಗಳು.

"ಬೆಳಗ್ಗೆ ಸ್ನಾನ ಮಾಡಿ ಬಂದ್ರು, ಕುರ್ಚೀಲಿ ಕೂತ್ರು. ಮತ್ತೆ ಏಳಲಿಲ್ಲ ಅಣ್ಣ. ಉಸಿರು ನಿಂತಿದೆ ಅಂದ್ರು ಡಾಕ್ಟರು."

ಸ್ನಾನ ಎಂಬ ಮಾತೊಂದೇ ಅವನ ಕಿವಿಯಲ್ಲಿ ಉಳಿಯಿತು. ಟಾರ್ಚ್ ಆರಿಸುವುದನ್ನೂ ಮರೆತು ಹೊರಟ.

ಕೊಳ್ಳುವವರ ಪರವಾಗಿ ಮನೆ ನೋಡಿ ಅದರ ಲೋಪದೋಷ ಬರೆದುಕೊಡುವುದು ಅವನ ಕಸುಬು. ಇಪ್ಪತ್ತೆಂಟು ವರ್ಷದ ಹಿಂದೆ ಅದನ್ನು ಕಲಿಸಿದವರೇ ಮೇಷ್ಟ್ರು. ಗೋಡೆ ತಟ್ಟಿ ಟೊಳ್ಳು ತಿಳಿಯುವುದಕ್ಕಿಂತ ಮೊದಲು ಬಾಯಿ ಮುಚ್ಚುವುದನ್ನು ಕಲಿಸಿದ್ದರು.

"ನೋಡು ಮರಿ, ಮನೇಲಿ ಏನೇ ಕಂಡ್ರೂ ಅದು ನಿನ್ನ ಕರೆಸಿದವರ ಸೊತ್ತು. ಮಾರೋನು ಕಾಲಿಗೆ ಬಿದ್ರೂ ತುಟಿ ಬಿಚ್ಚಬೇಡ. ಒಂದ್ಸಲ ಬಿಚ್ಚಿದೆ ಅಂತ ಸುದ್ದಿಯಾದ್ರೆ ಯಾರೂ ನಿನ್ನ ಹೊಸಿಲು ದಾಟಿಸಲ್ಲ."

ತಲೆ ಬೆಳ್ಳಗಾದ ಮೇಲೂ ಅವರಿಗೆ ಅವನು ಮರಿಯೇ.

ನಾಲ್ಕು ತಿಂಗಳ ಹಿಂದೆ, ಚಳಿ ಶುರುವಾಗುವ ಹೊತ್ತಿಗೆ, ಮೇಷ್ಟ್ರು ತಮ್ಮದೇ ಮನೆ ಮಾರಲು ಹೊರಟರು. ಮೆಟ್ಟಿಲು ಹತ್ತಲು ಮಂಡಿ ಕೇಳುತ್ತಿರಲಿಲ್ಲ. ಕೊಳ್ಳಲು ಬಂದ ಗುಮಾಸ್ತ ಪರೀಕ್ಷೆಗೆ ಕರೆಸಿದ್ದು ಇವನನ್ನು. ಅವರು ನನ್ನ ಗುರುಗಳು ಎಂದು ಇವನು ಮೊದಲೇ ಹೇಳಿದ. "ಒಳ್ಳೇದೇ ಆಯ್ತು, ಅವರ ನಿಯಮ ನಿಮಗೂ ಗೊತ್ತಿರುತ್ತಲ್ಲ" ಎಂದ ಗುಮಾಸ್ತ.

ಸ್ನಾನದ ಮನೆಯ ಗ್ಯಾಸ್ ಗೀಸರಿನ ಹೊಗೆ ಕೊಳವೆ ಚಾವಣಿಯ ಹಲಗೆಯ ಹಿಂದೆ ಕಳಚಿಕೊಂಡಿತ್ತು. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷಗಾಳಿ ಒಳಗೇ ಸುತ್ತುವಂಥ ದೋಷ. "ಇದೊಂದನ್ನ ಅವರಿಗೆ ಹೇಳಲಾ?" ಎಂದು ಗುಮಾಸ್ತನನ್ನು ಪಿಸುದನಿಯಲ್ಲಿ ಕೇಳಿದ.

"ಬೇಡ ಬಿಡಿ. ವ್ಯಾಪಾರ ಮಾತಾಡುವಾಗ ನಾನೇ ಹೇಳ್ತೀನಿ."

ಗುಮಾಸ್ತ ವ್ಯಾಪಾರ ಮಾತಾಡಲು ಬರಲೇ ಇಲ್ಲ. ಬೇರೆ ಕಡೆ ಮನೆ ಕೊಂಡ.

ಅಂದು ಗೇಟಿನ ಬಳಿ ಮೇಷ್ಟ್ರು ಅಡ್ಡ ನಿಂತಿದ್ದರು. "ಏನಪ್ಪಾ ಮರಿ, ನನ್ನ ಮನೆಗೆ ಏನು ಕಾಯಿಲೆ?"

"ನನ್ನ ಕರೆಸಿದವರನ್ನ ಕೇಳಿ ಸಾರ್" ಎಂದಿದ್ದ, ತನ್ನ ಚಪ್ಪಲಿ ನೋಡುತ್ತಾ.

ಮೇಷ್ಟ್ರು ನಕ್ಕು ಬೆನ್ನು ತಟ್ಟಿದ್ದರು. "ಪಾಸಾದೆ, ಹೋಗು."

ಆಮೇಲೆ ಎರಡು ಸಲ ಫೋನ್ ಮಾಡಿದ್ದ. ಮೇಷ್ಟ್ರು ಕೆಮ್ಮುತ್ತಿದ್ದರು. ಗುಮಾಸ್ತ ಹೇಳಿರುತ್ತಾನೆ ಎಂದು ತನ್ನನ್ನು ತಾನೇ ನಂಬಿಸಿಕೊಂಡು, ಕುಶಲ ವಿಚಾರಿಸಿ ಇಟ್ಟಿದ್ದ.

ಅವನು ಮನೆ ತಲುಪಿದಾಗ ಮುಂದಿನ ಕೋಣೆಯಲ್ಲಿ ಮೇಷ್ಟ್ರನ್ನು ಮಲಗಿಸಿದ್ದರು. ಮುಖ ನೋಡುವ ಧೈರ್ಯವಾಗಲಿಲ್ಲ. ನೇರವಾಗಿ ಸ್ನಾನದ ಮನೆಗೆ ಹೋದ. ನೆಲ ಇನ್ನೂ ಒದ್ದೆಯಿತ್ತು. ಗೀಸರಿನ ಗುಂಡಿಯ ಮೇಲೆ ಬೆರಳಿಟ್ಟ. ಬೆರಳಿಗೆ ದಪ್ಪನೆಯ ಧೂಳು ಅಂಟಿತು. ಅದರ ಅರ್ಥ ಹುಡುಕುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ.

ಮಗಳು ಬಾಗಿಲಲ್ಲಿ ಬಂದು ನಿಂತಳು.

"ತಂಗಿ, ಅಪ್ಪನ್ನ ಕೊಂದದ್ದು ನಾನೇ. ಈ ಗೀಸರಿನ ಕೊಳವೆ ಕಳಚಿದೆ. ನನಗೆ ಗೊತ್ತಿತ್ತು. ಹೇಳಲಿಲ್ಲ."

"ಅಪ್ಪನಿಗೂ ಗೊತ್ತಿತ್ತಲ್ಲ" ಎಂದಳು ಅವಳು. "ಅವತ್ತು ನೀವು ಅತ್ಲಾಗೆ ಹೋದ್ರಿ, ಇವರು ಬಂದು ಗೀಸರ್ ಆರಿಸಿದ್ರು. ಸ್ನಾನದ ಮನೆಯಿಂದ ಬಂದ ಮೇಲೆ ಮರಿ ನನ್ನ ಮುಖ ನೋಡ್ಲಿಲ್ಲ, ಅಲ್ಲೇ ಏನೋ ಇದೆ ಅಂದ್ರು. ಅವತ್ತಿಂದ ಯಾರೂ ಹಚ್ಚಿಲ್ಲ."

ಅವನ ಎದೆಯ ಮೇಲಿನ ಬಂಡೆ ಜಾರಿದಂತಾಯಿತು. ಅಲ್ಲೇ ಗೋಡೆಗೆ ಒರಗಿದ. "ಮತ್ತೆ ರಿಪೇರಿ ಯಾಕೆ ಮಾಡಿಸಲಿಲ್ಲ?" ಎಂದು ಕೇಳಿದ.

"ಮಾಡ್ಸೋಣ ಅಂದೆ, ಬೈದ್ರು. ರಿಪೇರಿಯವನು ಬಂದು ಹೋದ್ರೆ ಮರಿನೇ ಬಾಯಿಬಿಟ್ಟ ಅಂತ ನಾಲ್ಕು ಜನ ಆಡ್ಕೋತಾರೆ, ಅವನ ಅನ್ನಕ್ಕೆ ಕಲ್ಲು ಹಾಕಬೇಡ, ಮನೆ ಮಾರೋವರೆಗೂ ಅದನ್ನ ಮುಟ್ಟಬೇಡ ಅಂದ್ರು." ಅವಳು ಒದ್ದೆ ನೆಲವನ್ನು ನೋಡಿದಳು. "ಒಲೆ ಮೇಲೆ ಕಾಯ್ಸಿ ಕೊಡ್ತೀನಿ ಅಂದ್ರೂ ನಿಲ್ತಿರಲಿಲ್ಲ. ಚಳಿಗಾಲ ಪೂರ್ತಿ ತಣ್ಣೀರೇ ಹೊಯ್ಕೊಂಡ್ರು ಅಣ್ಣ. ಎದೇಲಿ ಕಫ ಕಟ್ಟಿ ಹೋದ್ರು."

ಅವನು ಹೊರಗೆ ಬಂದು ಮೇಷ್ಟ್ರ ಪಾದದ ಬಳಿ ಕುಳಿತು, ಈ ಸಲ ಅವರ ಮುಖವನ್ನೇ ನೋಡುತ್ತಾ ಕೈ ಮುಗಿದ: ದೇವರೇ, ನನ್ನ ಹೆಸರು ಕಾಯಲು ನಡುಗಿದ ಈ ಜೀವಕ್ಕೆ ಇನ್ನಾದರೂ ಬೆಚ್ಚಗಿನ ಶಾಂತಿ ಕೊಡು.