ಯಾಸೆನ್‌ದೋಲಿನ ಕೊನೆಯ ಚಮಚ ಮಣ್ಣು

ನೈದೆನ್ ಅಜ್ಜ ಕೋಟಿನ ಒಳಜೇಬಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ಪ್ರಯೋಗಾಲಯದ ಮೇಜಿನ ಮೇಲೆ ಬಿಚ್ಚಿದರು. ಒಳಗಿದ್ದದ್ದು ಒಂದು ಚಮಚ ಒಣಮಣ್ಣು. ಅವರ ಊರಾದ ಯಾಸೆನ್‌ದೋಲ್ ಅಣೆಕಟ್ಟಿನ ನೀರಿನಡಿ ಸೇರಿ ನಲವತ್ತೊಂದು ವರ್ಷ. ಭೂಪಟದವರು ಆ ಹೆಸರನ್ನು ಅದೇ ವರ್ಷ ಅಳಿಸಿ ಕೈತೊಳೆದುಕೊಂಡಿದ್ದರು.

“ಇಷ್ಟೇ ಉಳಿದಿರೋದು ಡಾಕ್ಟ್ರಮ್ಮ. ನನ್ನ ಶವಪೆಟ್ಟಿಗೆ ಮೇಲೆ ಹಾಕ್ಲಿ ಅಂತ ಎತ್ತಿಟ್ಟಿದ್ದೆ.”

ಸೂಕ್ಷ್ಮಜೀವಿ ವಿಜ್ಞಾನಿ ರಾದೊಸ್ವೆತಾ ಕೈ ಚಾಚಲಿಲ್ಲ. ಚಳಿಗಾಲದಲ್ಲಿ ಇದೇ ಅಜ್ಜ ಮೆಣಸಿನ ಚಟ್ನಿಯ ಬಾಟಲಿಯಲ್ಲಿ ತಂದುಕೊಟ್ಟ, ಊರು ಮುಳುಗುವ ಮೊದಲು ತುಂಬಿಟ್ಟ ಮಣ್ಣಿನಲ್ಲಿ ಅವಳಿಗೊಂದು ಬ್ಯಾಕ್ಟೀರಿಯಾ ಸಿಕ್ಕಿತ್ತು. ತಿಳಿದಿರುವ ಜಾತಿಗಳ ಜೊತೆಗೆಲ್ಲ ಹೋಲಿಸಿ ನೋಡಿದರೂ ಯಾವ ವಂಶಕ್ಕೂ ಸೇರದ ಜೀವ. ಅದಕ್ಕೆ ಊರಿನ ಹೆಸರಿಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದಳು. ಆದರೆ ಇವಳ ಕಸುಬಿನ ಕಟ್ಟಳೆ ಬಲು ಬಿಗಿ. ಬೇರೇನೂ ಬೆರೆಯದಂತೆ ಬೆಳೆಸಿದ ಜೀವಂತ ತಳಿಯನ್ನು ಎರಡು ದೇಶಗಳ ಸಂಗ್ರಹಕ್ಕೆ ಒಪ್ಪಿಸಿದರೆ ಮಾತ್ರ ಹೆಸರು, ಸತ್ತದ್ದಕ್ಕೆ ಇಲ್ಲ. ಮೂರು ಸಲ ಬೆಳೆಸಿದಳು, ಮೂರು ಸಲವೂ ಬೂಸ್ಟು ನುಂಗಿಹಾಕಿತು. ಬಾಟಲಿ ಬರಿದಾಯಿತು.

“ಇದೂ ಹಾಳಾದ್ರೆ ಏನ್ಮಾಡ್ತೀರಿ ಅಜ್ಜ?”

“ಹಾಳಾದ್ರೆ ಆಗ್ಲಿ ಬಿಡಿ. ನನ್ನ ಮೇಲೆ ಯಾವ ಮಣ್ಣು ಬಿತ್ತು ಅಂತ ನಾನೇನು ಎದ್ದು ನೋಡ್ತೀನಾ? ಮೊನ್ನೆ ಆಸ್ಪತ್ರೆಲಿ ಹುಟ್ಟೂರು ಬರೆಸಿದ್ರೆ, ಅಂಥ ಊರೇ ಇಲ್ವಲ್ಲ ತಾತ ಅಂತಾಳೆ ಆ ಹುಡುಗಿ. ಹಾಗಾದ್ರೆ ನಾನೇನು ಮೋಡದಿಂದ ಉದುರಿದ್ನಾ? ಎಲ್ಲೋ ಒಂದು ಪುಸ್ತಕದಲ್ಲಿ ಹೆಸರು ಇದ್ರೆ ಸಾಕು.”

ಅವಳಿಗೆ ನಗು ಬಂತು. ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಣ್ಣನ್ನು ಹದವಾಗಿ ಬಿಸಿಮಾಡಿ, ಅವಸರದಲ್ಲಿ ಬೆಳೆಯುವ ಜೀವಗಳನ್ನು ಸಾಯಿಸಿ, ನೀರಲ್ಲಿ ಕದಡಿ ಗಾಜಿನ ತಟ್ಟೆಗೆ ಹರಡಿದಳು. ನಲವತ್ತೊಂದು ವರ್ಷ ನಿದ್ದೆ ಹೊಡೆದದ್ದು ಒಂದೇ ದಿನಕ್ಕೆ ಏಳುತ್ತದೆಯೇ? ಮೂರು ವಾರ ಕಾಯಬೇಕು.

ಪ್ರತಿ ಗುರುವಾರ ಮಧ್ಯಾಹ್ನ ಅಜ್ಜ ಚೀಸು ತುಂಬಿ ಬೇಯಿಸಿದ ಬಾನಿತ್ಸಾ ತಿಂಡಿ ಕಟ್ಟಿಸಿಕೊಂಡು ಬಂದು, ತಟ್ಟೆಯಿಟ್ಟ ಬೆಚ್ಚನೆಯ ಪೆಟ್ಟಿಗೆಯ ಪಕ್ಕ ಕೂತು ಊರಿನ ಕಥೆ ಹೇಳುತ್ತಿದ್ದರು. ಕೇಳುತ್ತ ಕೇಳುತ್ತ ರಾದೊಸ್ವೆತಾಳಿಗೆ ಕಣ್ಣೆಳೆಯುತ್ತಿತ್ತು. ತಾನು ನೀರಿನಡಿಯ ಬೀದಿಯಲ್ಲಿ ನಡೆಯುತ್ತಿದ್ದೇನೆ. ಮೀನುಗಳು ಒಂದು ಕಿಟಕಿಯಿಂದ ಹೊಕ್ಕು ಇನ್ನೊಂದರಿಂದ ಹೊರಬರುತ್ತಿವೆ. ಯಾರೋ ಅಂಗಳದಲ್ಲಿ ಕೆಂಪು ಮೆಣಸು ಸುಡುತ್ತಿದ್ದಾರೆ, ಹೊಗೆ ನೀರಲ್ಲೇ ಮೇಲೇರುತ್ತಿದೆ. “ಬಾ ಮಗಳೇ, ಊಟಕ್ಕೆ” ಎಂದು ಯಾರೋ ಕರೆದಂತಾಗಿ ಎಚ್ಚರವಾದರೆ, ಅಜ್ಜ ಇನ್ನೂ ಹೇಳುತ್ತಲೇ ಇರುತ್ತಿದ್ದರು.

ನಾಲ್ಕನೆಯ ಗುರುವಾರ ಬರ್ನರಿನ ಉರಿಯ ಪಕ್ಕ ತಟ್ಟೆಯ ಮುಚ್ಚಳ ಸರಿಸಿದಳು. ಮಳೆ ನಿಂತ ಹೊಲದ ವಾಸನೆ ಕೋಣೆಗೆಲ್ಲ ಹರಡಿತು. ಬೂಸ್ಟಿನ ಸುಳಿವಿಲ್ಲ. ಅವಳು ಕಾದಿದ್ದ ಬ್ಯಾಕ್ಟೀರಿಯಾದ ಬೂದಿಬಣ್ಣದ ಸಣ್ಣ ಸಣ್ಣ ಚುಕ್ಕೆಗಳು ನಡುವೆ ಒತ್ತಾಗಿ, ಅಂಚಿನ ಕಡೆಗೆ ವಿರಳವಾಗಿ ಹರಡಿದ್ದವು.

ಅಜ್ಜ ಕನ್ನಡಕ ಏರಿಸಿ ಬಹಳ ಹೊತ್ತು ಬಗ್ಗಿ ನೋಡಿದರು. “ಗುಡ್ಡದ ಮೇಲೆ ನಿಂತ್ರೆ ಹೀಗೇ ಕಾಣ್ತಿತ್ತು. ಇದು ಚರ್ಚು. ಇದು ಗಿರಣಿ. ಇಲ್ಲಿ ನೋಡಿ, ನಮ್ಮನೆ.”

“ಕಣ್ಣೀರು ಬೀಳಿಸ್ಬೇಡಿ ಅಜ್ಜ, ತಟ್ಟೆ ಕೆಡುತ್ತೆ” ಎಂದವಳ ದನಿಯೇ ಒದ್ದೆಯಾಗಿತ್ತು. “ಪಕ್ಕದ್ದು ತಾಗದೆ ಇರೋ ಒಂದೇ ಒಂದನ್ನ ಎತ್ತಿ ಬೆಳೆಸ್ಬೇಕು. ಅದನ್ನೇ ಸಂಗ್ರಹಕ್ಕೆ ಕಳಿಸೋದು, ಊರಿನ ಹೆಸರು ಅದಕ್ಕೇ. ನಿಮ್ಮನೆ ಸ್ವಲ್ಪ ಬಿಡಿಯಾಗಿದೆ. ಅದನ್ನೇ ಎತ್ಲಾ?”

ಅವಳು ಚುಕ್ಕೆ ಎತ್ತುವ ಸೂಜಿಯನ್ನು ಕೈಗೆ ತೆಗೆದುಕೊಂಡಳು. ಅಜ್ಜನ ಬೆರಳು ತಟ್ಟೆಯ ಅಂಚಿಗೆ ಸರಿದು, ಎಲ್ಲಕ್ಕಿಂತ ದೂರದಲ್ಲಿ ಒಂಟಿಯಾಗಿದ್ದ ಚುಕ್ಕೆಯನ್ನು ಮುಟ್ಟದೆ ತೋರಿಸಿತು.

“ನಮ್ಮದು ಬೇಡ. ಇದನ್ನ ತಗೊಳ್ಳಿ. ಇದು ಕುನಾ ಮುದುಕಿ ಮನೆ. ನೀರು ಬಂದಾಗ ನಾವೆಲ್ಲ ಲಾರಿ ಹತ್ತಿದ್ವಿ. ಅವಳು ಹತ್ತಲಿಲ್ಲ.”