ಎರಡು ಹಲ್ಲಿಗೆ ಟೋಪಿ

"ಯಾರಿಗಿ ಟೋಪಿ ಹಾಕ್ತೀರಿ? ವಲಾಂಡಿ ರೇವಣಪ್ಪಗ?"

ಉದಗೀರದ ಹಲ್ಲಿನ ದವಾಖಾನೆಯಲ್ಲಿ ರೇವಣಪ್ಪ ಗುಡುಗಿದ ರಭಸಕ್ಕೆ ಹೊರಗೆ ಕುಳಿತಿದ್ದವನೊಬ್ಬ ತನ್ನ ಹಲ್ಲುನೋವನ್ನೇ ಮರೆತ. ಒಳಗೆ ಕುರ್ಚಿಯಲ್ಲಿ ಒರಗಿದ್ದವಳು ರೇವಣಪ್ಪನ ಹೆಂಡತಿ ಮುಕ್ತಾಬಾಯಿ. ಶೇಂಗಾ ಉಂಡಿ ಕಡಿಯಲು ಹೋಗಿ ಮುಂದಿನ ಹಲ್ಲೊಂದನ್ನು ಕಳೆದುಕೊಂಡಿದ್ದಳು. ಅಕ್ಕಪಕ್ಕದ ಎರಡು ಹಲ್ಲು ತಿಕ್ಕಿ ಸಣ್ಣ ಮಾಡಿ, ಟೋಪಿ ಹಾಕಿ, ಅವುಗಳ ಆಸರೆಯಲ್ಲಿ ನಡುವೆ ಹೊಸ ಹಲ್ಲು ಕೂರಿಸಿ ಬ್ರಿಜ್ ಕಟ್ಟಬೇಕು ಎಂದಿದ್ದಳು ಡಾಕ್ಟರ್ ಮೀನಲ. ಕ್ಯಾಪ್ ಎಂದರೆ ತಿಳಿಯಲಿಕ್ಕಿಲ್ಲವೆಂದು ಟೋಪಿ ಎಂದು ಬಿಡಿಸಿ ಹೇಳಿದ್ದೇ ತಪ್ಪಾಯಿತು.

"ಅಹೋ ಕಾಕಾ, ಟೋಪಿ ಹಲ್ಲಿಗ್ರಿ, ನಿಮಗಲ್ಲ."

"ಹಲ್ಲು ಯಾರವು? ನನ್ನ ಹೆಂಡ್ತಿವು! ಓಡಿಹೋದಂವ ಒಬ್ಬ, ನೆಟ್ಟಗ ಮನಿ ಹಿಡಿದು ಕುಂತ ಇಬ್ಬರಿಗಿ ಶಿಕ್ಷಾ? ಇದ್ಯಾವ ನ್ಯಾಯ?"

ಮುಕ್ತಾಬಾಯಿಗೆ ನ್ಯಾಯ ಬೇಕಿರಲಿಲ್ಲ, ಹಲ್ಲು ಬೇಕಿತ್ತು. ಆ ಸಂದು ಬಿದ್ದ ಮೇಲೆ ಅವಳ ವಚನದಲ್ಲಿ ಮಾತಿಗಿಂತ ಗಾಳಿಯೇ ಜಾಸ್ತಿ. ಬಸವಣ್ಣನ ಗುಡಿಯ ಮೇಳದಲ್ಲಿ ಮುಂದೆ ಕುಳಿತು ಹಾಡುತ್ತಿದ್ದವಳ ಕೈಗೆ ತಾಳ ಕೊಟ್ಟು ಗುಂಡಮ್ಮ ಆ ಜಾಗ ಹಿಡಿದಿದ್ದಳು. ಗುಂಡಮ್ಮನಿಗೆ ಹಲ್ಲೆಲ್ಲ ಇದ್ದವು, ರಾಗ ಮಾತ್ರ ಒಂದೂ ಇರಲಿಲ್ಲ.

"ಅಕ್ಕಪಕ್ಕದ ಹಲ್ಲು ತಿಕ್ಕಲಾರದ ಉಪಾಯನೂ ಒಂದು ಅದರಿ," ಎಂದಳು ಮೀನಲ. "ಹೊಸ ಹಲ್ಲಿಗಿ ಎರಡು ರೆಕ್ಕಿ ಇರ್ತಾವ, ಹಿಂದಿನಿಂದ ಅಂಟಸ್ತೀನಿ."

"ಕಡಕ ರೊಟ್ಟಿ ತಡೀತದೇನು?" ಎಂದ ರೇವಣಪ್ಪ.

"ಒಮ್ಮೊಮ್ಮೆ ಕಿತ್ತು ಬರ್ತದ."

"ರೊಟ್ಟಿ ಜೊತಿ ಹಲ್ಲೂ ನುಂಗಬೇಕೇನು!"

"ಹಂಗಾದ್ರ ಒಂದೇ ಹಲ್ಲಿಗಿ ಟೋಪಿ ಹಾಕಿ, ಹೊಸದನ್ನ ಅದಕ್ಕೇ ಜೋತು ಬಿಡಬಹುದು."

ರೇವಣಪ್ಪನ ಮುಖ ಅರಳಿತು. "ಹಾಂ! ಇದು ಲೆಕ್ಕ. ಹೊರೋದು ಒಂದೇ."

ಮುಕ್ತಾಬಾಯಿ ಸೆರಗಿನಿಂದ ತುಟಿ ಒರೆಸಿಕೊಂಡಳು. "ಒಬ್ಬರು ಹೊರೋದು, ಇನ್ನೊಬ್ಬರು ಜೋತಾಡೋದು. ಅದು ಮನ್ಯಾಗ ಅದರಿ ಡಾಕ್ಟರಬಾಯಿ. ಬಾಯಾಗೂ ಬ್ಯಾಡ."

ಹೊರಗಿನವನು ಗಹಗಹಿಸಿ ನಕ್ಕ. ರೇವಣಪ್ಪ ಕೆಂಪಾದ.

"ಏಳು. ಮನಿಗಿ ನಡಿ."

"ನೀವು ನಡೀರಿ."

ಬಾಗಿಲು ಧಡ್ ಎಂದಿತು. ಬೀದಿಯಲ್ಲಿ ಮೋಟಾರ್ ಸೈಕಲ್ ಚಾಲೂ ಆಯಿತು. ಹಾರ್ನ್ ಸಿಟ್ಟಿನಿಂದ ಕೂಗಿತು, ಸ್ವಲ್ಪ ತಡೆದು ಮೆತ್ತಗೆ ಕೂಗಿತು. ಮುಕ್ತಾಬಾಯಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು. ಗಾಡಿಯ ಸದ್ದು ಅವರೂರು ವಲಾಂಡಿಯ ದಾರಿಗೆ ಹೋಗಿ ಕರಗಿತು.

"ಕಾಕಾ ವಾಪಸ್ ಬರ್ತಾರೇನ್ರಿ?"

"ಬರಂಗಿಲ್ಲ. ಬಂದ್ರ ಸೋತಂಗ ಆಗ್ತದಲ್ಲ. ನನಗ ಬಸ್ ಅದಾವ. ನೀವು ಎರಡೂ ಕಡೆ ಆಸರಾ ಇದ್ದದ್ದೇ ಕಟ್ರಿ."

ಮೀನಲ ದೀಪ ಬಗ್ಗಿಸಿದಳು. "ಕಾಕು, ಬಾಯಿ ತೆರೀರಿ. ದೊಡ್ಡದಾಗಿ."

ಮದುವೆಯಾದಾಗಿನಿಂದ 'ಬಾಯಿ ಮುಚ್ಚು' ಎಂಬುದನ್ನಷ್ಟೇ ಕೇಳಿದ್ದ ಮುಕ್ತಾಬಾಯಿ, ಆ ಮಾತು ಮುಗಿಯುವ ಮೊದಲೇ ಕಿವಿಯವರೆಗೂ ಬಾಯಿ ತೆರೆದಳು.